ಸ್ಪೆಕ್ಟ್ರಮ್ ಕ್ಲೋನ್ ಒಂದು ಮತ್ತೆ ಕೈಗೆ ಬಂತು, ಪರದೆ ತುಂಬಾ ಕೆಂಪು ಗೆರೆ. ನಿಮ್ಮ ಹಳೆಯ ಮೆಷಿನ್‌ಗಳ ನೆನಪೂ ಹೇಳಿ

ಹಳೇಪೆಟ್ಟಿಗೆ

ನನ್ನ ಮೊದಲ ಕಂಪ್ಯೂಟರನ್ನು ಇವತ್ತು ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಸಿಂಕ್ಲೇರ್ ಕಂಪನಿಯ ಹೋಮ್ ಕಂಪ್ಯೂಟರ್ ಸ್ಪೆಕ್ಟ್ರಮ್ 48ಕೆಯ ಕ್ಲೋನ್, ಅಂದರೆ ಬೇರೆಯವರು ಮಾಡಿದ ನಕಲು. ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ, ಅಡಿಯಲ್ಲಿ ನಂಬರೂ ಇಲ್ಲ. ಬಿಚ್ಚಿದರೆ ಯಾರೋ ಕೈಯಾರೆ ಗೆರೆ ಎಳೆದು ಮಾಡಿದ ಬೋರ್ಡು. ಟ್ರ್ಯಾಕ್‌ಗಳು ನೇರ ಹೋಗೋದಿಲ್ಲ, ಬಳ್ಳಿ ಹಬ್ಬಿದ ಹಾಗೆ ಬಳುಕಿಕೊಂಡು ಹೋಗ್ತವೆ. ಸಾಲು ಸಾಲಾಗಿ ಸಣ್ಣ ಚಿಪ್‌ಗಳು. ಎಣಿಸಿದೆ, 49.

ಚಿಕ್ಕವನಿದ್ದಾಗ ಇದು ಇನ್ನೊಂದರ ಪಡಿಯಚ್ಚು ಅಂತಲೇ ನನಗೆ ಗೊತ್ತಿರಲಿಲ್ಲ. ಮುಂದೆ ಯಾವತ್ತೋ ಅಸಲಿ ಸ್ಪೆಕ್ಟ್ರಮ್‌ನ ಫೋಟೊ ಕಣ್ಣಿಗೆ ಬಿತ್ತು. ಕಪ್ಪು ಮೈ, ಮೂಲೆಯಲ್ಲಿ ಕಾಮನಬಿಲ್ಲಿನ ಪಟ್ಟಿ, ಬೂದು ರಬ್ಬರ್ ಕೀಲಿ. "ಇದ್ಯಾಕೆ ಸ್ಪೆಕ್ಟ್ರಮ್ ಥರ ಇಲ್ಲ" ಅಂತ ಅನಿಸಿತ್ತು. ನನಗೆ ನನ್ನದೇ ಅಸಲಿ. ಇವತ್ತಿಗೂ ಆ ಭಾವನೆ ಹೋಗಿಲ್ಲ.

ಹೊಸ 5 ವೋಲ್ಟ್ ಸಪ್ಲೈ ಕೊಟ್ಟು ಆನ್ ಮಾಡಿದೆ. ಬಾರ್ಡರ್, ಅಂದರೆ ಪರದೆಯ ಸುತ್ತಲಿನ ಅಂಚು, ಬಿಳಿ ಬಂತು. ಒಳಗೆಲ್ಲ ಹಸಿರು, ಅದರ ಮೇಲೆ ಮೇಲಿಂದ ಕೆಳಗೆ ತೆಳ್ಳನೆಯ ಕೆಂಪು ಗೆರೆಗಳು. ಅಲ್ಲಿಗೇ ನಿಂತಿತು. ಎಷ್ಟು ಸಲ ಆನ್ ಮಾಡಿದರೂ ಅಷ್ಟೇ. ಯಾರಿಗಾದರೂ ಗೊತ್ತಿದ್ದರೆ ಹೇಳಿ. ಜೊತೆಗೆ ನಿಮ್ಮ ಮೊದಲ ಮೆಷಿನ್ ಯಾವುದು, ಅಸಲಿಯೋ ಕ್ಲೋನೋ, ಅದನ್ನೂ ಬರೆಯಿರಿ.

ಬೆಸುಗೆ_ಕೈ

ಆಫ್ ಮಾಡಿಡಿ, ಮೆಷಿನ್ ಸತ್ತಿಲ್ಲ. ಬಾರ್ಡರ್ ಬಿಳಿ ಆಗಿದೆ ಅಂದರೆ ಪ್ರೊಸೆಸರ್ ರಾಮ್ ಓದಿ ಮೊದಲ ಕೆಲವು ಆದೇಶ ನಡೆಸಿದೆ ಅಂತಲೇ ಅರ್ಥ. (ಗೊಂದಲ ಆಗದಿರಲಿ: ನಾನು ರಾಮ್ ಅಂದರೆ ಓದಲು ಮಾತ್ರ ಇರುವ ಚಿಪ್, ಬರೆದು ಅಳಿಸುವುದಕ್ಕೆ ರ‍್ಯಾಮ್ ಅಂತೀನಿ.) ಒಂದು ಕೆಲಸ ಮಾಡಿ. ಇನ್ನೊಂದು ಸಲ ಆನ್ ಮಾಡಿ ಆ ಗೆರೆಗಳನ್ನ ಎಣಿಸಿ. ಅಂದಾಜು ಬೇಡ, ಸರಿಯಾಗಿ ಎಣಿಸಿ. ಗೆರೆಗಳ ನಡುವಿನ ಅಂತರ ಒಂದೇ ಸಮ ಇದೆಯೋ ಅಂತಲೂ ನೋಡಿ.

ಟೇಪಿನಕಿವಿ

ಕೆಂಪು ಗೆರೆ ಅಂದ ಕೂಡಲೇ ನನಗೆ ನೆನಪಾಗೋದು ಬಾರ್ಡರ್‌ನ ಪಟ್ಟಿಗಳು. ಟೇಪ್ ಲೋಡ್ ಮಾಡುವಾಗ ಮೊದಲು ಒಂದೇ ಸಮನೆ ಕೂಗು, ಬಾರ್ಡರ್‌ನಲ್ಲಿ ಕೆಂಪು ಮತ್ತು ತಿಳಿನೀಲಿಯ ದಪ್ಪ ಪಟ್ಟಿಗಳು ನಿಧಾನ ಉರುಳುತ್ತವೆ. ಆಮೇಲೆ ಗರಗರ ಸದ್ದು, ನೀಲಿ ಮತ್ತು ಹಳದಿಯ ಸಣ್ಣ ಪಟ್ಟಿಗಳು. 17 ಬೈಟಿನ ಹೆಡರ್, ಹತ್ತು ಅಕ್ಷರದ ಹೆಸರು, ಮತ್ತೆ ಕೂಗು, ಮತ್ತೆ ಗರಗರ. ಆ ಸದ್ದು ನನ್ನ ಕಿವಿಯಲ್ಲಿ ಎಷ್ಟು ಕೂತುಬಿಟ್ಟಿದೆ ಅಂದರೆ, ಪಕ್ಕದ ಕೋಣೆಯಲ್ಲಿದ್ದರೂ ಎಲ್ಲಿ ತನಕ ಬಂತು ಅಂತ ಹೇಳುತ್ತಿದ್ದೆ.

ಅದಕ್ಕೆ ಕಾರಣವೂ ಇದೆ. ಬಿಟ್ 0 ಆದರೆ 855 ಟಿ-ಸ್ಟೇಟ್ (ಪ್ರೊಸೆಸರ್ ಗಡಿಯಾರದ ಒಂದೊಂದು ಮಿಡಿತ) ಉದ್ದದ ಎರಡು ಪಲ್ಸ್, 1 ಆದರೆ 1710ರ ಎರಡು ಪಲ್ಸ್. ಅಂದರೆ 1 ಬರೆಯೋದಕ್ಕೆ 0ಯ ಎರಡು ಪಟ್ಟು ಸಮಯ. ಖಾಲಿ ಜಾಗ ಹೆಚ್ಚಿರುವ ಚಿತ್ರ ಬೇಗ ಬರುತ್ತೆ, ಸದ್ದೂ ತೆಳ್ಳಗೆ. ತುಂಬಿಕೊಂಡ ಚಿತ್ರದ ಸದ್ದು ದಪ್ಪ. ಸರಾಸರಿ ಸೆಕೆಂಡಿಗೆ 1500 ಬಿಟ್. ಚಿತ್ರ ಮೂರು ಭಾಗವಾಗಿ, ಎಂಟೆಂಟು ಸಾಲು ಬಿಟ್ಟು ಬಿಟ್ಟು ಕಪ್ಪು ಬಿಳುಪಿನಲ್ಲಿ ತುಂಬಿಕೊಳ್ಳುತ್ತಾ ಹೋಗಿ, ಕೊನೆಯ 768 ಬೈಟ್ ಬಂದಾಗ ಮೇಲಿಂದ ಕೆಳಗೆ ಬಣ್ಣ ಹರಿದು ಬರುತ್ತಲ್ಲ, ಆ ಕ್ಷಣಕ್ಕೆ ಉಸಿರು ಬಿಗಿ ಹಿಡಿದು ಕಾಯ್ತಿದ್ವಿ.

ನನ್ನದು ಅಸಲಿ ಸ್ಪೆಕ್ಟ್ರಮ್. ಆದರೆ ಟೇಪ್‌ಗಳೆಲ್ಲ ಕ್ಲೋನ್ ಇದ್ದ ಗೆಳೆಯರಿಂದ ಬಂದವು. ಅವರ ರೆಕಾರ್ಡರ್‌ನ ಹೆಡ್ ಸ್ವಲ್ಪ ವಾಲಿರುತ್ತಿತ್ತು, ನನ್ನದರಲ್ಲಿ ಸದ್ದು ಮಂಕಾಗಿ ಬರುತ್ತಿತ್ತು. ಸಣ್ಣ ಸ್ಕ್ರೂಡ್ರೈವರ್ ಹಿಡಿದು ಹೆಡ್ ಪಕ್ಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ಚೂಪಾಗುವ ಜಾಗದಲ್ಲಿ ನಿಲ್ಲಿಸಬೇಕು. ಇದನ್ನ ಯಾರೂ ಹೇಳಿಕೊಡಲಿಲ್ಲ, ಕಿವಿಯೇ ಕಲಿತುಕೊಂಡಿತು.

ಅರವತ್ನಾಲ್ಕು

ನನ್ನದು ಕಾಮೊಡೋರ್ 64. ನೀಲಿ ಪರದೆ, "38911 ಬೇಸಿಕ್ ಬೈಟ್ಸ್ ಫ್ರೀ", ಅದರ ಕೆಳಗೆ "ರೆಡಿ". ಆ ಸಂಖ್ಯೆ ಇವತ್ತಿಗೂ ನನಗೆ ಬಾಯಿಪಾಠ.

ಸ್ಪೆಕ್ಟ್ರಮ್‌ಗೆ ಇಷ್ಟೊಂದು ಕ್ಲೋನ್, 64ಕ್ಕೆ ಹುಡುಕಿದರೂ ಸಿಗಲ್ಲ. ಯಾಕೆ ಅಂತ ಆಗ ಅರ್ಥ ಆಗ್ತಿರಲಿಲ್ಲ. ಎರಡೂ 1982ರವೇ ತಾನೆ?

ಬೆಸುಗೆ_ಕೈ

@ಅರವತ್ನಾಲ್ಕು, ಒಳ್ಳೆ ಪ್ರಶ್ನೆ. ಉತ್ತರ ಇರೋದು ಚಿಪ್ ಯಾರ ಕೈಯಲ್ಲಿತ್ತು ಅನ್ನೋದರಲ್ಲಿ.

ನಿಮ್ಮ 64ರ ಒಳಗಿರುವ ಪ್ರೊಸೆಸರ್ 6510, ಚಿತ್ರ ಬರೆಯುವ ವಿಕ್-2, ಬಾಬ್ ಯಾನ್ಸ್ ರೂಪಿಸಿದ ಮೂರು ದನಿಯ ಸದ್ದಿನ ಚಿಪ್ ಸಿಡ್, ಎಲ್ಲ ಎಂಒಎಸ್ ಟೆಕ್ನಾಲಜಿಯವು. ಆ ಕಾರ್ಖಾನೆಯನ್ನು ಕಾಮೊಡೋರ್ 1976ರಲ್ಲೇ ಕೊಂಡುಕೊಂಡಿತ್ತು. ಸಿಡ್ ಬೇಕು ಅಂದರೆ ಕಾಮೊಡೋರ್ ಹತ್ತಿರವೇ ಹೋಗಬೇಕು. ಅದರ ಒಳಗೆ ಅನಲಾಗ್ ಫಿಲ್ಟರ್ ಇದೆ. ಅದನ್ನ ಸಣ್ಣ ಲಾಜಿಕ್ ಚಿಪ್‌ಗಳಲ್ಲಿ ಕಟ್ಟೋಕೆ ಆಗೋದಿಲ್ಲ.

ಸ್ಪೆಕ್ಟ್ರಮ್ ಹಾಗಲ್ಲ. ಅದರ ಪ್ರೊಸೆಸರ್ ಝಡ್80ಯನ್ನು ಝೈಲಾಗ್ ಬೇರೆ ಕಂಪನಿಗಳಿಗೂ ಮಾಡೋಕೆ ಬಿಟ್ಟಿತ್ತು. ಬಿಡದೆ ಇದ್ದ ಕಡೆಯೂ ಅದು ಹುಟ್ಟಿಕೊಂಡಿತು: ಪೂರ್ವ ಜರ್ಮನಿಯಲ್ಲಿ ಯು880, ಸೋವಿಯತ್ ಒಕ್ಕೂಟದಲ್ಲಿ ಕೆಆರ್1858ವಿಎಂ1. ರ‍್ಯಾಮ್ ಚಿಪ್‌ಗಳನ್ನು ಎಲ್ಲರೂ ಮಾಡುತ್ತಿದ್ದರು. ಸ್ಪೆಕ್ಟ್ರಮ್‌ನಲ್ಲಿ ಬೇರೆಲ್ಲೂ ಸಿಗದ ಚಿಪ್ ಒಂದೇ ಒಂದು, ಯುಎಲ್‌ಎ. ರಿಚರ್ಡ್ ಆಲ್ಟ್‌ವಾಸರ್ ವಿನ್ಯಾಸ, ಫೆರಾಂಟಿ ತಯಾರಿಕೆ, 40 ಕಾಲು. ಅದೊಂದನ್ನ ಬಿಡಿಸಿದರೆ ಇಡೀ ಮೆಷಿನ್ ನಿಮ್ಮ ಕೈಯಲ್ಲಿ.

ಬಿಡಿಸೋದು ಅಂದರೆ ಏನು ಅಂತ ಹೇಳ್ತೀನಿ, ಯಾಕೆಂದರೆ @ಹಳೇಪೆಟ್ಟಿಗೆಯವರ ಬೋರ್ಡಿನಲ್ಲಿರುವ 49 ಚಿಪ್‌ಗಳ ಕಥೆಯೇ ಅದು. ಯುಎಲ್‌ಎ ಒಳಗೆ ಒಂದು ಗಡಿಯಾರ ಓಡ್ತಾ ಇರುತ್ತೆ, ಸೆಕೆಂಡಿಗೆ 70 ಲಕ್ಷ ಪಿಕ್ಸೆಲ್. ಒಂದು ಟಿವಿ ಸಾಲಿಗೆ 448 ಎಣಿಕೆ, ಅಂದರೆ ಸರಿಯಾಗಿ 64 ಮೈಕ್ರೊಸೆಕೆಂಡ್. ಅದರಲ್ಲಿ 256 ಚಿತ್ರಕ್ಕೆ, ಮಿಕ್ಕಿದ್ದು ಬಾರ್ಡರ್ ಮತ್ತು ಸಿಂಕ್‌ಗೆ. ಇಂಥ 312 ಸಾಲು ಸೇರಿದರೆ ಒಂದು ಫ್ರೇಮ್. ಪ್ರತಿ ಎಂಟು ಪಿಕ್ಸೆಲ್‌ಗೆ ರ‍್ಯಾಮ್‌ನಿಂದ ಎರಡು ಬೈಟ್ ಎತ್ತಬೇಕು: ಒಂದು ಚುಕ್ಕಿಗಳದ್ದು, ಇನ್ನೊಂದು ಬಣ್ಣದ್ದು. ಅದೇ ಹೊತ್ತಿಗೆ ಪ್ರೊಸೆಸರ್ ಕೂಡ ಅದೇ ರ‍್ಯಾಮ್‌ಗೆ ಕೈ ಹಾಕಿದರೆ ಅದರ ಗಡಿಯಾರವನ್ನೇ ತಡೆದು ನಿಲ್ಲಿಸಬೇಕು. ಇದರ ಜೊತೆ ಕೀಬೋರ್ಡ್, ಟೇಪ್, ಸ್ಪೀಕರ್.

ಇದನ್ನೆಲ್ಲ ಕೌಂಟರ್, ಶಿಫ್ಟ್ ರಿಜಿಸ್ಟರ್, ಮಲ್ಟಿಪ್ಲೆಕ್ಸರ್ ಅಂತ ಬಿಡಿಬಿಡಿಯಾಗಿ ಜೋಡಿಸಿದವರು ಚಿಪ್‌ನ ಒಳಗನ್ನು ಕಂಡವರಲ್ಲ. ಹೊರಗಿನಿಂದ ಅದರ ನಡವಳಿಕೆ ನೋಡಿ, ಒಳಗೆ ಹೀಗೇ ಇರಬೇಕು ಅಂತ ತರ್ಕಿಸಿ ಕಟ್ಟಿದವರು. ನಾನು ಎಲೆಕ್ಟ್ರಾನಿಕ್ಸ್ ಕಲಿತದ್ದು ಇಂಥ ಬೋರ್ಡಿನಲ್ಲೇ. ಅಸಲಿ ಸ್ಪೆಕ್ಟ್ರಮ್ ಬಿಚ್ಚಿದರೆ ಮುಖ್ಯ ಕೆಲಸವೆಲ್ಲ ಒಂದು ಕಪ್ಪು ಚಿಪ್ಪಿನೊಳಗೆ ಮುಚ್ಚಿಹೋಗಿದೆ. ಕ್ಲೋನ್ ಬಿಚ್ಚಿದರೆ ಪ್ರತಿಯೊಂದು ಹೆಜ್ಜೆಯೂ ಕಣ್ಣೆದುರು ಬಿದ್ದಿರುತ್ತೆ, ಆಸಿಲೋಸ್ಕೋಪ್‌ನ ಮೊನೆಯಿಟ್ಟು ಒಂದೊಂದೇ ನೋಡಬಹುದು.

ಮೂಲಪ್ರತಿ

ಮೆಚ್ಚುಗೆ ಇರಲಿ, ಆದರೆ ಒಂದು ಮಾತು ಹೇಳದೆ ಇರೋಕೆ ಆಗ್ತಿಲ್ಲ. ಹಾರ್ಡ್‌ವೇರ್ ಅವರು ತರ್ಕಿಸಿ ಕಟ್ಟಿದರು, ಒಪ್ಪಿದೆ. ಅದರೊಳಗಿನ 16ಕೆ ರಾಮ್? ಸ್ಟೀವ್ ವಿಕರ್ಸ್ ಬರೆದ ಬೇಸಿಕ್ ಅದು. ಅದನ್ನ ಯಾರೂ ಹೊಸದಾಗಿ ಬರೆಯಲಿಲ್ಲ, ಬೈಟಿಗೆ ಬೈಟ್ ಎತ್ತಿಕೊಂಡರು. ಎಷ್ಟೋ ಕ್ಲೋನ್‌ಗಳಲ್ಲಿ ಸಿಂಕ್ಲೇರ್ ಹೆಸರು ಬರುವ ಸಾಲನ್ನೂ ಅಳಿಸಿದರು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಕೆಲಸ ತುಂಬಿಸಿದವನ ಶ್ರಮ ಅದು.

ಆಪಲ್ ಮತ್ತು ಫ್ರಾಂಕ್ಲಿನ್ ನಡುವಿನ ಮೊಕದ್ದಮೆ ನೆನಪಿದೆಯಾ? ಫ್ರಾಂಕ್ಲಿನ್ ಏಸ್ ಅನ್ನೋದು ಆಪಲ್ 2ರ ಕ್ಲೋನ್. ಅದರ ಜೊತೆ ಕೊಡುತ್ತಿದ್ದ ಡಿಸ್ಕ್‌ನಲ್ಲಿ ಆಪಲ್‌ನ ಪ್ರೋಗ್ರಾಮರ್ ಒಬ್ಬರ ಹೆಸರು ಹಾಗೇ ಉಳಿದುಕೊಂಡಿತ್ತು, "ಆಪಲ್‌ಸಾಫ್ಟ್" ಅನ್ನೋ ಪದವೂ ಇತ್ತು. ಹೊಂದಾಣಿಕೆ ಆಗಬೇಕಾದರೆ ಹಾಗೇ ನಕಲು ಮಾಡದೆ ವಿಧಿಯಿಲ್ಲ ಅಂತ ಫ್ರಾಂಕ್ಲಿನ್ ವಾದಿಸಿತು. 1983ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನ ಒಪ್ಪಲಿಲ್ಲ. ಚಿಪ್‌ನೊಳಗೆ ಕೂತ ಪ್ರೋಗ್ರಾಮಿಗೂ ಹಕ್ಕುಸ್ವಾಮ್ಯ ಇದೆ ಅಂತು. ನನಗೆ ಆ ತೀರ್ಪು ಸರಿ ಅನಿಸುತ್ತೆ. ನಾನೂ ಪ್ರೋಗ್ರಾಂ ಬರೆದು ಬದುಕುವವನು.

ಬೆಸುಗೆ_ಕೈ

ರಾಮ್ ವಿಷಯದಲ್ಲಿ ನೀವು ಹೇಳಿದ್ದು ಸರಿ, ವಾದ ಮಾಡಲ್ಲ. ಮಾಡಬೇಕು ಅಂದರೆ ಹೊಸದಾಗಿ ಬರೆಯೋಕೂ ಆಗುತ್ತಿತ್ತು ಅನ್ನೋದನ್ನ ಕಾಂಪ್ಯಾಕ್ ತೋರಿಸಿಕೊಟ್ಟಿತು. ಐಬಿಎಂ ಪಿಸಿಯ ಬಯಾಸ್ (ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಏನು ಮಾಡುತ್ತೆ ಅಂತ ಒಂದು ತಂಡ ಬರೆದಿಟ್ಟಿತು, ಆ ಕೋಡನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಹೊಸದನ್ನ ಕಟ್ಟಿತು. ಆದರೆ ಅದು ಕಂಪನಿಯ ಕೆಲಸ. ಅಡುಗೆಮನೆಯ ಮೇಜಿನ ಮೇಲೆ ಬೆಸುಗೆ ಹಾಕುತ್ತಿದ್ದವನಿಗೆ ಎರಡು ತಂಡ ಎಲ್ಲಿಂದ ಬರಬೇಕು?

ರೇಡಿಯೊಹುಚ್ಚು

ಕ್ಲೋನ್ ಮಾಡದೆ ಸ್ವಂತದ್ದನ್ನೇ ಕಟ್ಟಿದವರೂ ಇದ್ದರು, ಅದನ್ನ ಇಲ್ಲಿ ಹೇಳಲೇಬೇಕು. ಯುಗೊಸ್ಲಾವಿಯಾದ ಗಲಾಕ್ಸಿಯಾ.

ಹೊರಗಿನಿಂದ ಕಂಪ್ಯೂಟರ್ ತರಿಸೋದಕ್ಕೆ ಅಲ್ಲಿ ಆಮದು ಮಿತಿ ಅಡ್ಡ ಬರುತ್ತಿತ್ತು. 1983ರಲ್ಲಿ ವೋಯಾ ಆಂಟೊನಿಚ್ ಒಂದು ಉಪಾಯ ಕಂಡುಹಿಡಿದರು: ಚಿತ್ರಕ್ಕೆ ಬೇರೆ ಚಿಪ್ಪೇ ಬೇಡ, ಝಡ್80ಯೇ ಚಿತ್ರ ಬರೆಯಲಿ. ರ‍್ಯಾಮ್ ಮರೆಯದ ಹಾಗೆ ಆಗಾಗ ರಿಫ್ರೆಶ್ ಮಾಡೋ ವ್ಯವಸ್ಥೆ ಝಡ್80ಯ ಒಳಗೇ ಇದೆಯಲ್ಲ, ಅದನ್ನೇ ಅಕ್ಷರಗಳನ್ನ ಪರದೆಗೆ ಹರಿಸೋಕೆ ಬಳಸಿಕೊಂಡರು. ಚಿಪ್‌ಗಳ ಸಂಖ್ಯೆ ಎಷ್ಟು ಇಳಿಯಿತು ಅಂದರೆ ಓದುಗರೇ ಮನೆಯಲ್ಲಿ ಜೋಡಿಸಬಹುದು ಅನ್ನೋ ಹಂತಕ್ಕೆ ಬಂತು. ನಕಾಶೆ ಪತ್ರಿಕೆಯಲ್ಲಿ ಅಚ್ಚಾಯಿತು. ಸಾವಿರಾರು ಜನ ಕಟ್ಟಿದರು.

ರಾಮ್ ಬರೀ 4ಕೆ. ಅದರಲ್ಲಿ ಬೇಸಿಕ್ ಹಿಡಿಸಬೇಕಲ್ಲ, ಅದಕ್ಕೆ ತಪ್ಪು ತೋರಿಸುವ ಸಂದೇಶ ಮೂರೇ ಮೂರು, ಒಂದೊಂದೇ ಪದ: ಬರೆದದ್ದು ಅರ್ಥವಾಗದಿದ್ದರೆ "ವಾಟ್?", ಲೆಕ್ಕ ಸಾಧ್ಯವಿಲ್ಲದಿದ್ದರೆ "ಹೌ?", ಜಾಗ ಮುಗಿದರೆ "ಸಾರಿ".

ನನಗೆ ಇದಕ್ಕಿಂತ ಇಷ್ಟವಾಗೋದು ರೇಡಿಯೊ ಕಥೆ. ಬೆಲ್‌ಗ್ರೇಡ್ ರೇಡಿಯೊದಲ್ಲಿ ಜೋರಾನ್ ಮೋಡ್ಲಿ ಅನ್ನುವವರು "ವೆಂಟಿಲೇಟರ್ 202" ಅಂತ ಕಾರ್ಯಕ್ರಮ ನಡೆಸುತ್ತಿದ್ದರು. ಪ್ರೋಗ್ರಾಂನ ಟೇಪ್ ಸದ್ದನ್ನೇ ಗಾಳಿಯಲ್ಲಿ ಬಿಡುತ್ತಿದ್ದರು. ಕೇಳುಗರು ಕ್ಯಾಸೆಟ್‌ಗೆ ಹಿಡಿದುಕೊಂಡು ತಮ್ಮ ಮೆಷಿನ್‌ಗೆ ಲೋಡ್ ಮಾಡುತ್ತಿದ್ದರು. @ಟೇಪಿನಕಿವಿ, ನೀವು ಅಲ್ಲಿದ್ದಿದ್ದರೆ ಆ ಕಾರ್ಯಕ್ರಮ ಒಂದೂ ಬಿಡ್ತಿರಲಿಲ್ಲ.

ಟೇಪಿನಕಿವಿ

ಒಂದೂ ಬಿಡ್ತಿರಲಿಲ್ಲ, ನಿಜ. ರೇಡಿಯೊದ ಗೊರಗೊರ ಸದ್ದು ಒಂದು ಸಲ ನಡುವೆ ನುಗ್ಗಿದರೂ ಕೊನೆಯಲ್ಲಿ ಮೊತ್ತ ತಾಳೆಯಾಗದೆ ಎಲ್ಲ ಮೊದಲಿನಿಂದ ಶುರು ಮಾಡಬೇಕು. ಅಷ್ಟು ನಾಜೂಕಿನದನ್ನ ಗಾಳಿಯಲ್ಲಿ ಕಳಿಸಿದರಲ್ಲ.

ಹಳೇಪೆಟ್ಟಿಗೆ

ಎಣಿಸಿದೆ! ಪರದೆಯ ಫೋಟೊ ತೆಗೆದು, ದೊಡ್ಡದು ಮಾಡಿ, ಎರಡು ಸಲ ಎಣಿಸಿದೆ. 64 ಗೆರೆ. ಅಂತರ ಎಲ್ಲ ಕಡೆ ಒಂದೇ ಸಮ.

ಬೆಸುಗೆ_ಕೈ

64 ಅಂದ್ರಾ! ಹಾಗಾದರೆ ಯಾವ ಚಿಪ್ ಅಂತ ಇಲ್ಲಿಂದಲೇ ಹೇಳ್ತೀನಿ.

ಆನ್ ಆದ ತಕ್ಷಣ ರಾಮ್ ಮೊದಲು ಮಾಡುವ ದೊಡ್ಡ ಕೆಲಸ ರ‍್ಯಾಮ್ ಪರೀಕ್ಷೆ. ಎಲ್ಲ ಜಾಗದಲ್ಲೂ 2 ಅನ್ನೋ ಸಂಖ್ಯೆ ಬರೆಯುತ್ತೆ. ಬೈನರಿಯಲ್ಲಿ 00000010. ಚುಕ್ಕಿಗಳ ಜಾಗದಲ್ಲಿ ಇದು ಬಿದ್ದರೆ ಪ್ರತಿ ಎಂಟು ಪಿಕ್ಸೆಲ್‌ನಲ್ಲಿ ಏಳನೆಯದು ಉರಿಯುತ್ತೆ. ಬಣ್ಣದ ಜಾಗದಲ್ಲಿ ಬಿದ್ದರೆ ಶಾಯಿ (ಉರಿಯುವ ಚುಕ್ಕಿಯ ಬಣ್ಣ) 2, ಅಂದರೆ ಕೆಂಪು. ಕಾಗದ (ಹಿನ್ನೆಲೆಯ ಬಣ್ಣ) 0, ಅಂದರೆ ಕಪ್ಪು. ಆರೋಗ್ಯವಾಗಿರುವ ಮೆಷಿನ್‌ನಲ್ಲಿ ಕಪ್ಪು ಪರದೆ ಮೇಲೆ 32 ಕೆಂಪು ಗೆರೆ ಕ್ಷಣ ಹೊತ್ತು ಮಿಂಚಿ ಹೋಗುತ್ತೆ.

ನಿಮಗೆ ಕಂಡದ್ದು 64. ಅಂದರೆ ಎಂಟರಲ್ಲಿ ಇನ್ನೊಂದು ಪಿಕ್ಸೆಲ್ ಉರೀತಿದೆ. ಅಂತರ ಸಮ ಇದೆ ಅಂದಮೇಲೆ ಅದು ಮೂರನೆಯದೇ ಆಗಬೇಕು. ಎಡದಿಂದ ಮೂರನೆಯದು ಬಿಟ್ 5. ಈಗ ಬಣ್ಣದ ಕಡೆ ತಾಳೆ ನೋಡಿ: ಬಿಟ್ 5 ಏರಿದರೆ ಕಾಗದ 4 ಆಗುತ್ತೆ, ಅದು ಹಸಿರು. ನಿಮ್ಮ ಪರದೆ ಹಸಿರು. ಎರಡೂ ಕಡೆ ಒಂದೇ ಬಿಟ್ ಕೈ ತೋರಿಸ್ತಿದೆ.

ಆ ಬಿಟ್‌ನ ರ‍್ಯಾಮ್ ಚಿಪ್ ಯಾವಾಗಲೂ 1 ಅಂತಲೇ ಉತ್ತರ ಕೊಡ್ತಿದೆ. ಝಡ್80ಯ 9ನೇ ಕಾಲು ಡಿ5, ಅಂದರೆ ಬಿಟ್ 5ರ ಗೆರೆ. ಮೀಟರ್‌ನ ಒಂದು ಮೊನೆ ಅಲ್ಲಿಡಿ, ಇನ್ನೊಂದನ್ನ ಎಂಟು ರ‍್ಯಾಮ್‌ಗಳ 2ನೇ ಕಾಲಿಗೆ ಒಂದೊಂದಾಗಿ ಮುಟ್ಟಿಸಿ. ಎಲ್ಲಿ ಬೀಪ್ ಬರುತ್ತೋ ಅದೇ. ತೆಗೆಯುವಾಗ ಇಡೀ ಚಿಪ್ ಎಳೆಯಬೇಡಿ. ಮೊದಲು ಕಾಲುಗಳನ್ನ ಕತ್ತರಿಸಿ, ಆಮೇಲೆ ಒಂದೊಂದೇ ಕಾಲು ಬಿಸಿ ಮಾಡಿ ತೆಗೆಯಿರಿ. ಕೈಯಲ್ಲಿ ಮಾಡಿದ ಬೋರ್ಡಿನ ತಾಮ್ರ ಬಹಳ ಬೇಗ ಏಳುತ್ತೆ. ಹೊಸ ರ‍್ಯಾಮ್ ಚಿಪ್ 4164 ಹಾಕುವ ಮೊದಲು ಸಾಕೆಟ್ ಹಾಕಿ. ಈ ಚಿಪ್‌ನಲ್ಲಿ 5 ವೋಲ್ಟ್ 8ನೇ ಕಾಲಿಗೆ, ನೆಲ 16ಕ್ಕೆ. ಬೇರೆ ಲಾಜಿಕ್ ಚಿಪ್‌ಗಳ ಅಭ್ಯಾಸದಲ್ಲಿ ಉಲ್ಟಾ ಹಾಕಿಬಿಡಬೇಡಿ.

ಅರವತ್ನಾಲ್ಕು

ಗೆರೆ ಎಣಿಸಿ ಚಿಪ್ ಹೇಳಿದ್ದನ್ನ ಮೂರು ಸಲ ಓದಿದೆ. ಇಂಥದ್ದಕ್ಕೇ ನಾನು ಇಲ್ಲಿಗೆ ಬರೋದು.

ಟಿಸ್ಟೇಟ್

ರಿಪೇರಿ ಆಗೋ ತನಕ ಕ್ಲೋನ್ ಬಗ್ಗೆ ನನ್ನದೊಂದು ಮಾತು. ಪ್ರೊಸೆಸರನ್ನ ತಡೆದು ನಿಲ್ಲಿಸೋ ವಿಷಯ ಮೇಲೆ ಬಂತಲ್ಲ. ಅನೇಕ ಕ್ಲೋನ್‌ಗಳು ಅದನ್ನ ಮಾಡೋದೇ ಇಲ್ಲ, ವೇಗದ ರ‍್ಯಾಮ್ ಹಾಕಿ ಇಬ್ಬರಿಗೂ ಸರದಿ ಕೊಟ್ಟುಬಿಡ್ತವೆ. ಹಾಗಾಗಿ ಅಲ್ಲಿ ಸಮಯದ ಲೆಕ್ಕವೇ ಬೇರೆ. ಅಸಲಿ 48ಕೆಯಲ್ಲಿ ಒಂದು ಫ್ರೇಮ್‌ಗೆ 69888 ಟಿ-ಸ್ಟೇಟ್. ರಷ್ಯಾದ ಪೆಂಟಗಾನ್ ಅನ್ನೋ ಕ್ಲೋನ್‌ನಲ್ಲಿ 320 ಸಾಲು, 71680. ವ್ಯತ್ಯಾಸ 1792. ಎಂಟು ಸಾಲಿನಷ್ಟು ಹೆಚ್ಚು ಹೊತ್ತು, ಅದೂ ಯಾರೂ ತಡೆಯದ ಹೊತ್ತು.

ಇದು ತಪ್ಪಾಗಿಯೇ ಶುರುವಾಗಿರಬಹುದು. ಆದರೆ ಪೆಂಟಗಾನ್ ಮೇಲೆ ಬೆಳೆದ ಡೆಮೊ (ಮೆಷಿನ್‌ನ ಕಸುವು ತೋರಿಸೋ ಚಿತ್ರ-ಸಂಗೀತದ ಪ್ರೋಗ್ರಾಂ) ಬರಹಗಾರರು ಆ ಲೆಕ್ಕವನ್ನೇ ನಂಬಿ ಬರೆದರು. ಎಂಟು ಸಾಲಿಗೊಂದು ಬಣ್ಣ ಅನ್ನೋ ಕಟ್ಟನ್ನು ಮುರಿದು ಸಾಲು ಸಾಲಿಗೂ ಬಣ್ಣ ಬದಲಿಸುವ ಮಲ್ಟಿಕಲರ್ ಕೋಡ್‌ಗೆ ಪ್ರತಿ ಟಿ-ಸ್ಟೇಟೂ ಲೆಕ್ಕ. ಅದನ್ನ ತಂದು ಅಸಲಿ ಸ್ಪೆಕ್ಟ್ರಮ್‌ನಲ್ಲಿ ಓಡಿಸಿದರೆ ಚಿತ್ರ ಹರಿದು ಚೂರಾಗುತ್ತೆ. ಬ್ರಿಟನ್‌ನಲ್ಲಿ ಹೆಚ್ಚು ಜನ ಬಳಸದ ಬೀಟಾ ಡಿಸ್ಕ್ ಇಂಟರ್‌ಫೇಸ್, ಅದರ ಡಿಸ್ಕ್ ನೋಡಿಕೊಳ್ಳುವ ಪ್ರೋಗ್ರಾಂ ಟಿಆರ್-ಡಾಸ್, ರಷ್ಯಾದ ಕ್ಲೋನ್‌ಗಳಲ್ಲಿ ಬೋರ್ಡಿನೊಳಗೇ ಸೇರಿ ಅಲ್ಲಿನ ರೂಢಿಯಾಯಿತು. ಮೂಲದ ಕಂಪ್ಯೂಟರ್ ವ್ಯವಹಾರವನ್ನು ಸಿಂಕ್ಲೇರ್ 1986ರಲ್ಲೇ ಆಮ್‌ಸ್ಟ್ರಾಡ್‌ಗೆ ಮಾರಿಯಾಗಿತ್ತು. ಸೆರ್ಗೆಯ್ ಝೋನೊವ್ ಅವರ ಲೆನಿನ್‌ಗ್ರಾದ್, ಆಮೇಲೆ ಸ್ಕಾರ್ಪಿಯನ್, ಈ ಕ್ಲೋನ್‌ಗಳೆಲ್ಲ ಬೆಳೆದದ್ದು ಆಮೇಲಿನ ಕಾಲದಲ್ಲಿ. ಹಾಗಾಗಿ ನಾನು ಪೆಂಟಗಾನನ್ನು ನಕಲು ಅನ್ನಲ್ಲ. ಅದಕ್ಕೆ ಅದರದೇ ಕಾಲಗತಿ ಇದೆ. ಇವತ್ತು ಎಮ್ಯುಲೇಟರ್‌ಗಳ (ಹಳೆಯ ಮೆಷಿನ್‌ನಂತೆ ನಡೆಯುವ ಪ್ರೋಗ್ರಾಂಗಳ) ಪಟ್ಟಿಯಲ್ಲಿ ಪೆಂಟಗಾನ್ ಅಂತ ಬೇರೆ ಆಯ್ಕೆಯೇ ಇರುತ್ತೆ ನೋಡಿ.

ಮೂಲಪ್ರತಿ

ಇದನ್ನ ನಾನು ಈ ಕಡೆಯಿಂದ ಯೋಚಿಸಿರಲಿಲ್ಲ. ಒಪ್ಪಿದೆ. ಹೆಸರು ಅಳಿಸಿದ ಮಾತು ಮಾತ್ರ ಹಿಂದೆ ತಗೊಳ್ಳಲ್ಲ.

ಬೆಸುಗೆ_ಕೈ

@ಟಿಸ್ಟೇಟ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬಹಳ ವರ್ಷ ಆದಮೇಲೆ ಕ್ರಿಸ್ ಸ್ಮಿತ್ ಅನ್ನುವವರು ಯುಎಲ್‌ಎಯ ಒಳಗನ್ನು ಎಳೆ ಎಳೆಯಾಗಿ ಬಿಡಿಸಿದರು. ಅವರ ಹಾರ್ಲೆಕ್ವಿನ್ ಬೋರ್ಡಿನಲ್ಲಿ ಯುಎಲ್‌ಎ ಇಲ್ಲ, ಬರೀ ಸಾಮಾನ್ಯ ಲಾಜಿಕ್ ಚಿಪ್‌ಗಳು, ಆದರೂ ಸಮಯದ ಲೆಕ್ಕ ಅಸಲಿಯದ್ದೇ. ಅದೂ ಕ್ಲೋನೇ.

ಹಳೇಪೆಟ್ಟಿಗೆ

ಎರಡು ದಿನ ಆಯ್ತು, ಕ್ಷಮಿಸಿ. ಬೀಪ್ ಬಂದದ್ದು ಎಡದಿಂದ ಆರನೇ ರ‍್ಯಾಮ್‌ನಲ್ಲಿ. ಕಾಲು ಕತ್ತರಿಸಿ ತೆಗೆದೆ. ಹದಿನೈದು ಕಾಲು ಸಲೀಸಾಗಿ ಬಂದವು. ಹದಿನಾರನೆಯದಕ್ಕೆ ಕಾವು ಹೆಚ್ಚಾಗಿ ತಾಮ್ರದ ಬಿಲ್ಲೆಯೇ ಎದ್ದು ಬಂತು. ಜೀವ ಹೋದ ಹಾಗಾಯ್ತು. ಕೂದಲಿನಂಥ ತಂತಿ ತೆಗೆದುಕೊಂಡು, ಟ್ರ್ಯಾಕ್‌ನ ಮೇಲಿನ ಹಸಿರು ಬಣ್ಣ ಕೆರೆದು, ಮುಂದಿನ ರಂಧ್ರದ ತನಕ ಸೇತುವೆ ಹಾಕಿದೆ. ಕೈ ನಡುಗ್ತಿತ್ತು, ಮೂರನೇ ಸಲಕ್ಕೆ ಕೂತಿತು.

ಆನ್ ಮಾಡಿದೆ. ಕಪ್ಪು ಪರದೆ, ಕೆಂಪು ಗೆರೆ, ನೀವು ಹೇಳಿದ ಹಾಗೇ ಕ್ಷಣ ಹೊತ್ತು. ಆಮೇಲೆ ಎಲ್ಲ ಬಿಳಿ. ಕೆಳಗೆ "© 1982", ಅದರ ಮುಂದೆ ಖಾಲಿ.

@ಮೂಲಪ್ರತಿ, ಆ ಖಾಲಿ ಜಾಗವನ್ನ ಇಷ್ಟು ವರ್ಷ ನೋಡಿದ್ದೆ, ಅಲ್ಲಿ ಯಾವುದೋ ಹೆಸರು ಇರಬೇಕಿತ್ತು ಅಂತ ಹೊಳೆದಿರಲೇ ಇಲ್ಲ. ಆ ರಾಮ್ ಅಳಿಸಿ ಮತ್ತೆ ಬರೆಯಬಹುದಾದ ಚಿಪ್. ಹೆಸರನ್ನ ಅದರ ಜಾಗಕ್ಕೆ ವಾಪಸ್ ಬರೆಯಬೇಕು ಅಂತ ಇದೆ.

ಮೂಲಪ್ರತಿ

ದಯವಿಟ್ಟು ಬರೆಯಿರಿ. ಆದರೆ ಈಗಿರುವುದನ್ನ ಮೊದಲು ಹಾಗೇ ಓದಿ ಒಂದು ಪ್ರತಿ ಇಟ್ಟುಕೊಳ್ಳಿ. ಅಳಿಸಿದವರ ಕೆಲಸವೂ ಈಗ ಇತಿಹಾಸವೇ.

ಹಳೇಪೆಟ್ಟಿಗೆ

ಆಗಲಿ, ಹಾಗೇ ಮಾಡ್ತೀನಿ.

ರಾತ್ರಿ ಟೇಪ್ ಹಾಕಿದೆ. ರೆಕಾರ್ಡರ್‌ನ ವಾಲ್ಯೂಮ್ ಚಕ್ರದ ಮೇಲೆ ಚಿಕ್ಕವನಿದ್ದಾಗ ಪೆನ್ಸಿಲ್‌ನಲ್ಲಿ ಎಳೆದ ಗುರುತು ಇನ್ನೂ ಇತ್ತು, ಅಲ್ಲಿಗೇ ತಿರುಗಿಸಿಟ್ಟೆ. ಜೆ ಕೀಲಿ ಒತ್ತಿದರೆ ಲೋಡ್ ಅನ್ನೋ ಇಡೀ ಪದ ಬಿತ್ತು. ಬೆರಳಿಗೆ ಎಲ್ಲ ನೆನಪಿದೆ, ನನಗೇ ಇರಲಿಲ್ಲ. ಮೊದಲ ಸಲ ಲೋಡಿಂಗ್ ಎರರ್. @ಟೇಪಿನಕಿವಿ ಹೇಳಿದ ತಿರುಪು ತಿರುಗಿಸಿದೆ, ಸದ್ದು ಚೂಪಾಯ್ತು, ಎರಡನೇ ಸಲ ಬಂತು. ನಾನೇ ಬರೆದ ಪ್ರೋಗ್ರಾಂ. ಲಿಸ್ಟ್ ಕೊಟ್ಟರೆ ಸಾಲು 10ರಲ್ಲಿ ರೆಮ್ (ಓದುವವರಿಗೆ ಬರೆದಿಡುವ ಟಿಪ್ಪಣಿ) ಹಾಕಿ "ಇದನ್ನು ಅಳಿಸಬೇಡಿ" ಅಂತ ಬರೆದಿದ್ದೇನೆ. ಯಾರಿಗೆ ಹೇಳಿದ್ದೋ ನೆನಪಿಲ್ಲ. ಅದನ್ನ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಒಂದು ತೊಂದರೆ ಉಳಿದಿದೆ. 6ರಿಂದ 0 ತನಕ ಐದು ಕೀಲಿ ಕೆಲಸ ಮಾಡ್ತಿಲ್ಲ. ಮಿಕ್ಕಿದ್ದೆಲ್ಲ ಸರಿ.

ಬೆಸುಗೆ_ಕೈ

ಐದೂ ಒಟ್ಟಿಗೆ ಹೋಗಿವೆ ಅಂದರೆ ಕೀಲಿಗಳದ್ದಲ್ಲ ತಪ್ಪು. ಆ ಐದೂ ಒಂದೇ ಅರ್ಧಸಾಲು, ವಿಳಾಸ ಗೆರೆ ಎ12. ಝಡ್80ಯಿಂದ ಕೀಬೋರ್ಡ್‌ಗೆ ಹೋಗುವ ಎಂಟು ಡಯೋಡ್‌ಗಳಲ್ಲಿ ಒಂದು ಎ12ರದ್ದು. ಅದನ್ನ ಎರಡೂ ದಿಕ್ಕಿನಲ್ಲಿ ಅಳೆದು ನೋಡಿ, ಆಮೇಲೆ ಕನೆಕ್ಟರ್‌ನ ಬೆಸುಗೆ. ಎಷ್ಟು ಓದಿತು ಅಂತ ಬರೆಯಿರಿ, ನಾಳೆ ರಾತ್ರಿ ನೋಡ್ತೀನಿ.